ಹನ್ನೊಂದು ದಿನದ ಹುಂಡಿ

ಟೊಮೆಟೊಗೆ ಬಂಗಾರದ ರೇಟು ಬಂದ ವರ್ಷ
ಕೋಲಾರದ ಯಾರ್ಡಿಗೆ ಒಂಬತ್ತು ಕ್ಯಾಮೆರಾ ಹೆಚ್ಚಿಗೆ ಬಂದವು.
ಕಂಬ ಬಂತು, ವೈರು ಬಂತು, ಏಣಿ ಬಂತು,
ತೆಂಗಿನಕಾಯಿಯೂ ಒಡೆದೆವು.
ಲೈಸೆನ್ಸು ಮಾತ್ರ ಮೂವತ್ತೆರಡಕ್ಕೇ ನಿಂತಿತ್ತು.
ಕಣ್ಣು ನಲವತ್ತೊಂದು,
ತೆರೆಯಲು ಅಪ್ಪಣೆ ಮೂವತ್ತೆರಡಕ್ಕೆ.
'ಅಡ್ಜಸ್ಟ್ ಮಾಡ್ಕೋ ಸುಗುಣಾ' ಅಂದರು ಚೌಡರೆಡ್ಡಿ ಸಾರು,
ಬಸ್ಸಿನ ಸೀಟಿನ ಮಾತಾಡಿದ ಹಾಗೆ.

ಅಡ್ಜಸ್ಟ್ ಮಾಡುತ್ತೇನೆ.
ಹರಾಜಿನ ಹೊತ್ತಿಗೆ ಮಂಡಿಗಳ ಸಾಲು,
ಲೋಡಿನ ಹೊತ್ತಿಗೆ ಲಾರಿಗಳ ಬೆನ್ನು,
ಕಮಿಟಿ ಸೇರುವ ದಿನ ಕಮಿಟಿಯ ಬಾಗಿಲು.
ಕಂಪನಿಯ ಹುಡುಗ ಫೋನಿನಲ್ಲಿ ಹೇಳಿಕೊಟ್ಟಿದ್ದಾನೆ:
ಮೊದಲು ಒಂದನ್ನು ಬಿಡಿಸಬೇಕು, ಆಮೇಲೆ ಇನ್ನೊಂದನ್ನು ಕಟ್ಟಬೇಕು,
ನಡುವಿನ ನಲವತ್ತು ಸೆಕೆಂಡು ಎರಡೂ ಕುರುಡು.
ಆ ನಲವತ್ತು ಸೆಕೆಂಡು ಉಸಿರು ಬಿಗಿಹಿಡಿಯುತ್ತೇನೆ,
ಯಾಕೋ.

ಡಿಸ್ಕಿನದು ಬೇರೆಯೇ ಪಾಡು.
ಚೇಳಮ್ಮನ ಗುಡಿಯ ನೆಲದಲ್ಲೊಂದು ಹುಂಡಿಯಿದೆ,
ಹಾಕಿದ್ದನ್ನು ಯಾರೂ ತೆಗೆಯುವುದಿಲ್ಲ,
ಅದು ತುಂಬುವುದೂ ಇಲ್ಲ ಅನ್ನುತ್ತಾಳೆ ನಮ್ಮತ್ತೆ.
ನನ್ನ ಹುಂಡಿ ಹನ್ನೊಂದೇ ದಿನಕ್ಕೆ ತುಂಬುತ್ತದೆ.
ಹನ್ನೆರಡನೆಯ ಬೆಳಗು ಬಂದು
ಮೊದಲನೆಯ ಬೆಳಗಿನ ತೊಡೆಯ ಮೇಲೇ ಕೂರುತ್ತದೆ,
ಸ್ವಲ್ಪ ಸರೀರಿ ಅಂತಲೂ ಕೇಳುವುದಿಲ್ಲ.
ಕ್ವಾಲಿಟಿ ಇಳಿಸಿದರೆ ಹದಿನೆಂಟು ದಿನ ಬಂದೀತು;
ಆಗ ಮುಖಗಳೆಲ್ಲ ಟೊಮೆಟೊ.

ಪಿಳ್ಳಪ್ಪ ಬಂದದ್ದು ಹದಿಮೂರನೆಯ ದಿನ.
ಭುಜದ ಟವೆಲ್ಲನ್ನು ಕೈಗೆ ತೆಗೆದುಕೊಂಡು
ಬಾಗಿಲಲ್ಲೇ ನಿಂತ, ಎಸಿ ಕಂಡರೆ ಅವನಿಗೆ ಬ್ಯಾಂಕಿನ ಭಯ.
'ಮೇಡಮ್ಮಾ, ಇನ್ನೂರ ನಲವತ್ತು ಬಾಕ್ಸು ಹೊತ್ತಿದೀನಿ,
ಚೀಟೀಲಿ ಇನ್ನೂರ ನಾಲ್ಕು ಬರೆದವ್ರೆ.
ಅವರು ಎಣಿಸಿದ್ದು ಬಾಯಲ್ಲಿ, ನಾನು ಎಣಿಸಿದ್ದು ಬೆನ್ನಲ್ಲಿ.
ಮಿಷನ್ನು ನೋಡಿರ್ತದಲ್ಲ,
ಅದನ್ನೇ ಒಂದು ಮಾತು ಕೇಳು.'

ಕೇಳಿದೆ.
ಆ ತಾರೀಕಿಗೆ ಬೂದು ಬಣ್ಣ.
ಪಕ್ಕದಲ್ಲಿದ್ದ ನನ್ನದೇ ಡೈರಿ ತೆರೆದೆ:
'ಸಂಜೆ ಏಳೂ ಐದು, ಹತ್ತೊಂಬತ್ತು ಬಿಡಿಸಿ ಆರಕ್ಕೆ ಕೊಟ್ಟೆ.'
ಆರು ಅಂದರೆ ಕಮಿಟಿಯ ಬಾಗಿಲು.
ಅವತ್ತು ಮೀಟಿಂಗು, ಬೋಂಡ,
ಹೊಸ್ತಿಲಾಚೆ ಬಿಟ್ಟ ಚಪ್ಪಲಿಗಳು, ಜೋಡಿ ಜೋಡಿಯಾಗಿ,
ಬಲು ಸ್ಪಷ್ಟವಾಗಿ ದಾಖಲಾಗಿದ್ದವು.
ಪಿಳ್ಳಪ್ಪನ ಬೆನ್ನು ಒಳಗೆ ಬಂದೇ ಇರಲಿಲ್ಲ.

'ಅಳಿಸಿಹೋಗಿದೆ' ಅಂದೆ. ಅದು ಸುಳ್ಳಲ್ಲ.
'ಯಾರು ಅಳಿಸಿದ್ದು?'
'ಯಾರೂ ಅಲ್ಲ, ತಾನೇ ಅಳಿಸಿಕೊಳ್ಳುತ್ತೆ.'
'ಓ, ಮಂಡಿಯೋರ ಥರಾನೇ ಐತೆ' ಅಂದು ನಕ್ಕ,
ಟವೆಲ್ಲನ್ನು ಭುಜಕ್ಕೆ ವಾಪಸು ಹಾಕಿಕೊಂಡ.

ಮೂವತ್ತಾರು ಬಾಕ್ಸಿನ ಕೂಲಿ ಎಪ್ಪತ್ತೆರಡು ರೂಪಾಯಿ.
ಒಂದು ಲೈಸೆನ್ಸಿನ ದುಡ್ಡಿಗೆ
ಅವನು ಎರಡು ಸಾವಿರ ಬಾಕ್ಸು ಹೊರಬೇಕು.
ಲೆಕ್ಕ ಹಾಕಬಾರದಿತ್ತು, ಹಾಕಿದೆ.

ಕೋಲಾರಮ್ಮನನ್ನು ಕನ್ನಡಿಯಲ್ಲೇ ನೋಡುವ ಊರು ನಮ್ಮದು,
ನೇರ ನೋಟ ತಡೆಯಲಾರದಂತೆ.
ನಾನೂ ನಾಲ್ಕು ವರ್ಷ ಗಾಜಿನೊಳಗೇ ಯಾರ್ಡು ಕಂಡವಳು.
ಆ ರಾತ್ರಿ ಮೆಟ್ಟಿಲಿಳಿದು
ಹತ್ತೊಂಬತ್ತರ ಕಂಬದ ಬುಡಕ್ಕೆ ಹೋಗಿ ನಿಂತೆ.
ಕಾಲ ಕೆಳಗೆ ಕೊಳೆತ ಹಣ್ಣು, ಮೂಗಿಗೆ ಹುಳಿ, ಡೀಸೆಲ್ಲು;
ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಏದುಸಿರು.
ನಮ್ಮ ಕ್ಯಾಮೆರಾಗಳಿಗೆ ಕಿವಿಯಿಲ್ಲ,
ಮೊದಲ ಸಲ ನೆನಪಾಯಿತು.
ಎಣಿಸತೊಡಗಿದೆ. ಅರವತ್ತಕ್ಕೆ ತಪ್ಪಿತು.

ಈಗ ರೇಟು ಬಿದ್ದಿದೆ.
ಲೈಸೆನ್ಸಿನ ಫೈಲು ಇನ್ನೂ ಮೇಲೆಯೇ ಇದೆ,
ಮೂವತ್ತೇಳರ ಹಿಂದೆ ಗುಬ್ಬಚ್ಚಿ ಹುಲ್ಲು ತುರುಕುತ್ತಿದೆ.
ದಿನಾ ಸಂಜೆ ಏಳೂ ಐದಕ್ಕೆ
ಆರನ್ನು ಬಿಡಿಸಿ ಹತ್ತೊಂಬತ್ತಕ್ಕೆ ಕೊಡುತ್ತೇನೆ,
ಮೀಟಿಂಗಿರಲಿ, ಬಿಡಲಿ.
ಕಮಿಟಿಯವರಿಗೆ ಇನ್ನೂ ಗೊತ್ತಾಗಿಲ್ಲ.
ಪಿಳ್ಳಪ್ಪನಿಗೂ.